ಎಫ್‌ನಲ್ಲಿ ನಿಂತ ಬೀಗರು

ಡ್ರೈವಿಂಗ್ ಮೇಡಂ ಅವರ ಕಾರಿನಲ್ಲಿ ಎರಡು ಬ್ರೇಕುಗಳಿದ್ದವು. ಒಂದು ಕಲಿಯುವವರ ಕಾಲ ಕೆಳಗೆ, ಇನ್ನೊಂದು ಮೇಡಂ ಕಾಲ ಕೆಳಗೆ. ಕಲಿಯುವವರು ತಮ್ಮ ಬ್ರೇಕು ಒತ್ತಬೇಕೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ಮೇಡಂ ತಮ್ಮದನ್ನು ಒತ್ತಿ ಆಗಿರುತ್ತಿತ್ತು. ಹೀಗಾಗಿ ಅವರಲ್ಲಿ ಕಲಿತ ಅರ್ಧ ಜನ ತಾವಾಗಿಯೇ ಕಾರು ನಿಲ್ಲಿಸಿದ್ದು ಲೈಸೆನ್ಸಿನ ಪರೀಕ್ಷೆಯ ದಿನವೇ ಮೊದಲು. ಬೆನ್ನ ಹಿಂದೆ ಎಲ್ಲರೂ ಅವರನ್ನು ‘ಬ್ರೇಕಮ್ಮ’ ಎನ್ನುತ್ತಿದ್ದರು. ಅದು ಮೇಡಂಗೆ ಗೊತ್ತಿತ್ತು, ಬೇಸರವೇನೂ ಇರಲಿಲ್ಲ. ಬ್ರೇಕು ಇಲ್ಲದ ಬಾಳು ಯಾರಿಗೆ ಬೇಕು ಎನ್ನುವುದು ಅವರ ವಾದ.

ಅವರ ಯಜಮಾನರು ಒಂದು ಕಾಲದಲ್ಲಿ ಆ ಕಾರು ಓಡಿಸುತ್ತಿದ್ದರು. ಪಕ್ಕದಲ್ಲಿ ಹೆಂಡತಿ ಕೂತಿದ್ದರೆ ಕಾರು ಹತ್ತು ಮಾರಿಗೊಮ್ಮೆ ಮುಗ್ಗರಿಸುತ್ತಿತ್ತು. ಒಂದು ದಿನ ಅವರು ನಡುರಸ್ತೆಯಲ್ಲೇ ಕೀಲಿ ತೆಗೆದು ಹೆಂಡತಿಯ ಕೈಗಿಟ್ಟು, “ತಗೋ, ನೀನೇ ಓಡಿಸು, ನಾನು ಮಾತಾಡ್ತಾ ಬರ್ತೀನಿ” ಎಂದಿದ್ದರು. ಅಂದಿನಿಂದ ಅದೇ ಪದ್ಧತಿಯಾಯಿತು. ಇವರು ಓಡಿಸುವುದು, ಅವರು ಮಾತಾಡುವುದು.

ಮಾತು ಯಜಮಾನರ ಕಸುಬೇ ಆಗಿತ್ತು. ರೈಲು ನಿಲ್ದಾಣದ ಮಹಡಿಯ ಗಾಜಿನ ಕೋಣೆಯಲ್ಲಿ ಕೂತು ಯಾವ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ, ಎಷ್ಟು ತಡ ಎಂದು ಸಾರುವ ಕೆಲಸ. ಅವರ ದನಿಯಲ್ಲಿ ಕೇಳಿದರೆ ಗಾಡಿ ರದ್ದಾದ ಸುದ್ದಿಯೂ ಸಮಾಧಾನದಂತೆ ಕೇಳಿಸುತ್ತಿತ್ತು. ಮನೆಗೆ ಬಂದ ಮೇಲೂ ಚಟ ಬಿಡುತ್ತಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು, “ಊಟ ಇಪ್ಪತ್ತು ನಿಮಿಷ ತಡವಾಗಿ ಬರುವ ನಿರೀಕ್ಷೆ ಇದೆ, ಹಸಿದವರು ದಯವಿಟ್ಟು ಸಹಕರಿಸಬೇಕು” ಎಂದು ಮಗಳಿಗೆ ಹೇಳುತ್ತಿದ್ದರು. ಮಗಳು ಮದುವೆಯಾಗಿ ಹೊರಟ ದಿನವೂ ಹಾಗೇ ಏನೋ ಸಾರಿ, ಅಳುತ್ತಿದ್ದವರನ್ನೆಲ್ಲ ನಗಿಸಿದ್ದರು.

ಆಮೇಲೆ ನಿಲ್ದಾಣಕ್ಕೆ ಒಂದು ಯಂತ್ರ ಬಂತು. ಅದರೊಳಗೆ ಯಾರೋ ಹೆಂಗಸಿನ ದನಿ. ಅದಕ್ಕೆ ನೆಗಡಿಯಾಗದು, ರಜೆ ಬೇಡ. ಯಜಮಾನರನ್ನು ಕಳೆದುಹೋದ ಸಾಮಾನುಗಳ ಕೋಣೆಗೆ ಹಾಕಿದರು. ಅಲ್ಲಿ ಕೊಡೆಗಳು, ಒಂಟಿ ಕೈಗವಸುಗಳು, ಯಾರೂ ಕೇಳಿಕೊಂಡು ಬಾರದ ಒಂದು ತಬಲಾ. ಕೊಡೆಗಳ ಹತ್ತಿರ ಏನು ಮಾತು? ಅವರ ಬಾಯಿಗೆ ಬೀಗ ಬಿದ್ದದ್ದು ಆಗಲೇ. ಮನೆಯಲ್ಲಿ ‘ಹೂಂ’, ‘ಉಹೂಂ’ ಎರಡೇ ಉಳಿದವು. ಕೆಲವು ದಿನ ‘ಉಹೂಂ’ ಕೂಡ ಖರ್ಚಾಗುತ್ತಿರಲಿಲ್ಲ.

ಮೇಡಂ ಬೈದು ನೋಡಿದರು, ಜಗಳ ತೆಗೆದು ನೋಡಿದರು. ಗೋಡೆಗೆ ಹೇಳಿದ ಹಾಗಾಯಿತು. ಜಗಳಕ್ಕಾದರೂ ಎರಡು ಕೈ ಸೇರಬೇಕಲ್ಲ. ಸಂಜೆ ಇಬ್ಬರೂ ಊಟಕ್ಕೆ ಕೂತಾಗ ತಟ್ಟೆಗೆ ಚಮಚ ತಾಗುವ ಸದ್ದು ಮಾತ್ರ ಕೇಳಿಸುತ್ತಿತ್ತು. ಆ ಸದ್ದಿಗೆ ಮೇಡಂಗೆ ಭಯವಾಗತೊಡಗಿತು. ಇಡೀ ಊರಿನ ಕಾರುಗಳನ್ನು ನಿಲ್ಲಿಸಬಲ್ಲ ಹೆಂಗಸಿಗೆ ನಿಂತುಹೋದ ಒಬ್ಬ ಗಂಡಸನ್ನು ಹೊರಡಿಸುವುದು ಗೊತ್ತಿರಲಿಲ್ಲ.

ಅಂಥ ದಿನಗಳಲ್ಲೇ ಕುದುರೆ ಟೀಚರ್ ಡ್ರೈವಿಂಗ್ ಕಲಿಯಲು ಬಂದಳು. ಊರ ಹೊರಗಿನ ಸವಾರಿ ಶಾಲೆಯಲ್ಲಿ ಪಾಠ ಹೇಳುವ ಹುಡುಗಿ. ಆಳೆತ್ತರದ ಕುದುರೆಯ ಕಿವಿ ಹಿಡಿದು ಗದರಿಸುವವಳು ಸ್ಕೂಟರಿನ ಹಾರ್ನಿಗೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಎರಡು ಸಲ ಪರೀಕ್ಷೆಯಲ್ಲಿ ನಪಾಸಾದ ಮೇಲೆ, “ಮೇಡಂ, ನಿಮ್ಮ ಕಾಲು ಸ್ವಲ್ಪ ತೆಗೀರಿ, ಆಗ ನಾನು ಕಲೀತೀನಿ” ಎಂದಳು.

“ನಾನು ಕಾಲು ತೆಗೆದ್ರೆ ನೀನು ಗೋಡೆ ತೆಗೀತೀಯ.”

“ಹಾಗಾದ್ರೆ ನೀವು ಬಂದು ಕುದುರೆ ಹತ್ತಿ ನೋಡಿ. ಅದಕ್ಕೆ ಎರಡನೇ ಬ್ರೇಕೇ ಇಲ್ಲ.”

ಮಾತಿಗೆ ಮಾತು ಬೆಳೆದು ಮೇಡಂ ಹೋಗಿ ಹತ್ತಿಯೇಬಿಟ್ಟರು. ಐವತ್ತು ದಾಟಿದ ಮೇಲೆ ಕುದುರೆ ಹತ್ತುವುದೆಂದರೆ ಮೊದಲು ಸ್ಟೂಲು ಹತ್ತುವುದು, ಆಮೇಲೆ ದೇವರಿದ್ದಾನೆ ಎನ್ನುವುದು. ಅವರಿಗೆ ಕೊಟ್ಟ ಕುದುರೆಯ ಹೆಸರು ಬೀಗರು. ಹುಟ್ಟಿದಾಗ ಇಟ್ಟ ಹೆಸರು ಬೇರೆ ಏನೋ ಇತ್ತಂತೆ. ಆದರೆ ಈ ಹಳೇ ಕುದುರೆ ಮರ್ಯಾದೆ ಕಡಿಮೆಯಾದರೆ ಮುಖ ತಿರುಗಿಸುವುದು, ಹುಲ್ಲು ಹಾಕುವುದು ತಡವಾದರೆ ಬೆನ್ನು ತೋರಿಸುವುದು, ಇನ್ನೊಬ್ಬರಿಗೆ ಮೊದಲು ಬಡಿಸಿದರೆ ಕಾಲು ಕುಟ್ಟುವುದು ನೋಡಿ, ಹೆಣ್ಣು ಕೊಟ್ಟವರೆಲ್ಲ ಸೇರಿ ಈ ಹೆಸರಿಟ್ಟಿರಬೇಕು. ಬೀಗರನ್ನು ಏಕವಚನದಲ್ಲಿ ಕರೆದರೆ ಬರುತ್ತಿರಲಿಲ್ಲ ಎಂದು ಶಾಲೆಯವರು ಆಣೆ ಮಾಡಿ ಹೇಳುತ್ತಿದ್ದರು.

ಬೀಗರು ಜೀವಮಾನವೆಲ್ಲ ಉದ್ದನೆಯ ಹಗ್ಗದ ತುದಿಯಲ್ಲಿ ಸುತ್ತುತ್ತ, ಹೊಸಬರಿಗೆ ಸವಾರಿ ಕಲಿಸಿದವರು. ನೆಲದ ಮೇಲೆ ನಿಂತ ಟೀಚರ್ ‘ವಾಕ್’ ಎಂದರೆ ನಡಿಗೆ, ‘ಟ್ರಾಟ್’ ಎಂದರೆ ಕುಕ್ಕುಲೋಟ, ‘ಹಾಲ್ಟ್’ ಎಂದರೆ ಕಂಬ. ಟೀಚರ್ ಮಾತು ನಿಲ್ಲಿಸಿ ಫೋನ್ ಎತ್ತಿಕೊಂಡರೆ ಪಾಠ ಮುಗಿಯಿತು ಎಂದು ಅರ್ಥ. ಮೇಲೆ ಕೂತವರನ್ನು ಬೀಗರು ಲಗೇಜು ಎಂದೇ ತಿಳಿದಿದ್ದರು. ಮೇಡಂ ಕಾಲಲ್ಲಿ ಒತ್ತಿದರೆ ಸೊಳ್ಳೆ ಕಚ್ಚಿದಂತೆ ಚರ್ಮ ಅದುರಿಸಿ ಸುಮ್ಮನಾಗುತ್ತಿದ್ದರು. ಲಗಾಮನ್ನಂತೂ ಮೇಡಂ ಹಿಡಿದ ಹಿಡಿತಕ್ಕೆ ಲಾರಿಯೇ ನಿಲ್ಲಬೇಕು.

“ಕೈ ಬಿಡಿ ಮೇಡಂ” ಎನ್ನುವಳು ಟೀಚರ್.

“ಬಿಟ್ರೆ ಓಡಿಹೋಗ್ತಾರೆ.”

“ಬೀಗರು ಓಡಿದ್ದನ್ನ ಈ ಊರಲ್ಲಿ ನೋಡಿದವರು ಯಾರೂ ಉಳಿದಿಲ್ಲ. ಬಿಡಿ.”

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಮೇಡಂ ಕುದುರೆ ಡೊಂಕು, ಜೀನು ಡೊಂಕು, ಟೀಚರ್ ಡೊಂಕು ಎಂದೆಲ್ಲ ಹೇಳಿ ನೋಡಿದರು. ಆದರೂ ಪ್ರತಿ ಭಾನುವಾರ ಬೆಳಿಗ್ಗೆ ಹಾಜರಾಗುತ್ತಿದ್ದರು. ಕೋಪ ಮೂಗಿನ ತುದಿಯಲ್ಲಿದ್ದರೂ ಹಿಡಿದ ಕೆಲಸ ಬಿಡುವ ಜಾತಿ ಅವರದಲ್ಲ.

ಒಂದು ದಿನ ಟೀಚರ್ ಹವ್ಯಾಸಿಗಳ ಡ್ರೆಸ್ಸಾಜ್ ಸ್ಪರ್ಧೆಯ ಮಾತೆತ್ತಿದಳು. ಉದ್ದನೆಯ ಅಂಗಳದ ಸುತ್ತ ಅಕ್ಷರಗಳ ಫಲಕ ನೆಟ್ಟಿರುತ್ತಾರೆ. ಎ ಆದ ಮೇಲೆ ಕೆ, ಆಮೇಲೆ ಇ, ಹೆಚ್, ಸಿ, ಎಂ, ಬಿ, ಎಫ್. ಆ ಕ್ರಮ ಯಾಕೆ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಈ ಅಕ್ಷರದಲ್ಲಿ ತಿರುಗು, ಆ ಅಕ್ಷರದಲ್ಲಿ ವೃತ್ತ ಹಾಕು, ಇಲ್ಲಿ ನಡೆ, ಅಲ್ಲಿ ಟ್ರಾಟ್ ಮಾಡು ಎಂದು ಒಂದು ಪಾಠವಿರುತ್ತದೆ. ಅದರಂತೆ ಕುದುರೆಯನ್ನು ನಡೆಸಿ ತೋರಿಸಬೇಕು. ಪ್ರತಿ ಹೆಜ್ಜೆಗೂ ಅಂಕ.

“ಈ ವಯಸ್ಸಲ್ಲಿ ನಾನು ಪರೀಕ್ಷೆ ಬರೀಬೇಕಾ? ನಾನು ಪರೀಕ್ಷೆ ಮಾಡಿಸೋಳು” ಎಂದರು ಮೇಡಂ.

“ಬಾಯಿಪಾಠ ಮಾಡೋದೂ ಬೇಡ. ಪಕ್ಕದಲ್ಲಿ ಒಬ್ಬರು ನಿಂತು ಗಟ್ಟಿಯಾಗಿ ಓದಬಹುದು, ಅದಕ್ಕೆ ಅವಕಾಶ ಇದೆ. ದನಿ ಮಾತ್ರ ಚೆನ್ನಾಗಿರ್ಬೇಕು, ಅಷ್ಟೆ.”

ಮೇಡಂ ಜೀನಿನ ಮೇಲೆ ನೆಟ್ಟಗಾದರು. ಕೂಡಲೇ, “ನನ್ನ ಹೆಸರು ಬರ್ಕೋ” ಎಂದರು.

ಅಂದು ರಾತ್ರಿ ಊಟಕ್ಕೆ ಕೂತಾಗ ಅವರು ಗಂಡನ ಮುಂದೆ ಆ ಕಾಗದವಿಟ್ಟು, ತನಗೆ ಇದೊಂದೂ ತಲೆಗೆ ಹತ್ತುತ್ತಿಲ್ಲ, ನೀವು ಬಂದು ಓದಿದರೆ ಮಾತ್ರ ಮರ್ಯಾದೆ ಉಳಿದೀತು ಎಂದರು. ಯಜಮಾನರು ಕಾಗದ ನೋಡಿದರು, ಹೆಂಡತಿಯನ್ನು ನೋಡಿದರು.

“ಊರಿನ ಒನ್‌ವೇ ಎಲ್ಲಾ ಬಾಯಿಪಾಠ ಇರೋಳಿಗೆ ಎಂಟು ಅಕ್ಷರ ನೆನಪಿರಲ್ವಾ?”

ಎಷ್ಟೋ ತಿಂಗಳಿಂದ ಅವರು ಆಡಿದ ಅತಿ ಉದ್ದದ ಮಾತು ಅದು. ಮೇಡಂಗೆ ಎದ್ದು ಕುಣಿಯುವ ಆಸೆಯಾಯಿತು. ತಡೆದುಕೊಂಡು, “ವಯಸ್ಸಾಯ್ತಲ್ರೀ” ಎಂದರು. ಮದುವೆಯಾದಂದಿನಿಂದ ಅವರು ಆ ಮಾತು ಒಪ್ಪಿಕೊಂಡದ್ದು ಅದೇ ಮೊದಲು. ಪಾಠ ಅವರಿಗೆ ಅಂದು ಮಧ್ಯಾಹ್ನವೇ ಬಾಯಿಗೆ ಬಂದಾಗಿತ್ತು.

ಭಾನುವಾರ ಯಜಮಾನರು ಬಂದು ಬಿ ಫಲಕದ ಪಕ್ಕ ನಿಂತು ಗಂಟಲು ಸರಿಮಾಡಿಕೊಂಡು ಓದಿದರು. “ಎ. ಟ್ರಾಟ್‌ನಲ್ಲಿ ಪ್ರವೇಶ.” ಬೀಗರ ಎರಡು ಕಿವಿಗಳೂ ಆ ಕಡೆ ತಿರುಗಿದವು. ತಮ್ಮ ಅಂತಸ್ತಿಗೆ ತಕ್ಕ ದನಿಯಲ್ಲಿ ಇಷ್ಟು ವರ್ಷ ಯಾರೂ ಅವರನ್ನು ಮಾತಾಡಿಸಿರಲಿಲ್ಲ. ಮೇಡಂ ಕಾಲು ಮಿಸುಕುವ ಮುಂಚೆಯೇ ಅವರು ಟ್ರಾಟ್ ಹೊರಟಿದ್ದರು. ಯಜಮಾನರು ‘ಹಾಲ್ಟ್’ ಎಂದರೆ ನಿಂತರು, ‘ವಾಕ್’ ಎಂದರೆ ನಡೆದರು. ಮೇಡಂ ತಿರುವುಗಳಲ್ಲಿ ಲಗಾಮು ಎಳೆಯುತ್ತ, ಉಳಿದಂತೆ ತಮ್ಮದೇ ಕಾರಿನಲ್ಲಿ ಹಿಂದಿನ ಸೀಟಿಗೆ ಬಿದ್ದವರಂತೆ ಕೂತಿದ್ದರು.

“ಕುದುರೆ ನಿಮ್ಮ ಮಾತು ಕೇಳ್ತಿಲ್ಲ, ಅವರ ಮಾತು ಕೇಳ್ತಿದೆ” ಎಂದಳು ಟೀಚರ್.

“ಕೇಳ್ಲಿ ಬಿಡು. ಯಾರಾದ್ರೂ ಕೇಳ್ಬೇಕಲ್ಲ” ಎಂದರು ಮೇಡಂ.

ಮನೆಯಲ್ಲೂ ಬದಲಾವಣೆ ಕಂಡಿತು. ಯಜಮಾನರು ಕನ್ನಡಿಯ ಮುಂದೆ ನಿಂತು ಪಾಠ ಓದಿಕೊಳ್ಳತೊಡಗಿದರು. ಒಂದು ಬೆಳಿಗ್ಗೆ, “ಕಾಫಿ ಬರುತ್ತಿದೆ” ಎಂದು ಅಡುಗೆಮನೆಯಿಂದ ದನಿ ಬಂತು. ಎಷ್ಟನೇ ಪ್ಲಾಟ್‌ಫಾರ್ಮು ಎಂದು ಹೇಳಲಿಲ್ಲ, ನಿಜ. ಆದರೂ ಮೇಡಂ ಆ ಕಾಫಿಯನ್ನು ಕಣ್ಣೊರೆಸಿಕೊಂಡು ಕುಡಿದರು. ಸ್ಪರ್ಧೆಯಲ್ಲಿ ಏನೇ ಆಗಲಿ, ಈ ದನಿ ಮತ್ತೆ ಕಳೆದುಹೋದ ಸಾಮಾನುಗಳ ಕೋಣೆಗೆ ಹೋಗಬಾರದು ಎನ್ನುವುದೊಂದೇ ಅವರಿಗೆ ಬೇಕಾಗಿದ್ದದ್ದು.

ಯಜಮಾನರಿಗೆ ಕೆಲಸವಿದ್ದ ವಾರದ ದಿನಗಳಲ್ಲಿ ಮೇಡಂ ಒಬ್ಬರೇ ಬಂದು ಅಭ್ಯಾಸ ಮಾಡುತ್ತಿದ್ದರು. ಹಾಗೆ ಒಂದು ಸಂಜೆ ತೋಳು ಸೋತು ಲಗಾಮು ತಾನಾಗಿ ಸಡಿಲವಾಯಿತು. ಬೀಗರು ಕತ್ತು ಚಾಚಿ ದೊಡ್ಡ ಉಸಿರು ಬಿಟ್ಟರು. ಮೇಡಂ ಸುಮ್ಮನೆ ಕಾಲು ತಾಗಿಸಿದರು, ಒತ್ತಲೂ ಇಲ್ಲ. ಬೀಗರು ಟ್ರಾಟ್ ಹೊರಟರು. ಯಾರ ಮಾತೂ ಇಲ್ಲದೆ, ಹೆಚ್‌ನಿಂದ ಎಫ್‌ವರೆಗೆ, ಎಫ್‌ನಿಂದ ಎ ವರೆಗೆ, ಇಡೀ ಪಾಠ ಬೆಣ್ಣೆಯಿಂದ ಕೂದಲು ತೆಗೆದಂತೆ ಮುಗಿಯಿತು. ಇದಕ್ಕೇನಾ ಈ ಹುಡುಗಿ ಇಷ್ಟು ದಿನ ಬಿಡಿ ಬಿಡಿ ಎಂದು ಬಡಿದುಕೊಂಡದ್ದು ಎಂದು ಮೇಡಂಗೆ ನಾಚಿಕೆಯೂ ಆಯಿತು, ಸಂತೋಷವೂ ಆಯಿತು. ಅಷ್ಟರಲ್ಲಿ ಗೇಟಿನ ಹತ್ತಿರ ಕೆಮ್ಮು ಕೇಳಿಸಿತು. ಯಜಮಾನರು ಕೆಲಸ ಬೇಗ ಮುಗಿಸಿ ಬಂದಿದ್ದರು.

ಮೇಡಂ ತಟ್ಟನೆ ಲಗಾಮು ಬಿಗಿಹಿಡಿದು, “ಬಂದ್ರಾ? ಸದ್ಯ. ಮುಂದೆ ಎಲ್ಲಿ ತಿರುಗ್ಬೇಕು ಅಂತ ಗೊತ್ತಾಗ್ದೆ ಒದ್ದಾಡ್ತಿದ್ದೆ” ಎಂದರು. ಅಂಗಳದ ಮೂಲೆಯಲ್ಲಿ ನಿಂತು ನೋಡುತ್ತಿದ್ದ ಟೀಚರ್ ಬಾಯಿ ತೆರೆದಳು. ಮೇಡಂ ಅವಳನ್ನು ಒಮ್ಮೆ ನೋಡಿದರು. ಲೈಸೆನ್ಸ್ ಇನ್ನೂ ಕೈಗೆ ಬಂದಿರದ ಕಾರಣ ಅವಳು ಬಾಯಿ ಮುಚ್ಚಿಕೊಂಡಳು.

ಸ್ಪರ್ಧೆಯ ದಿನ ಅಂಗಳದ ಸುತ್ತ ಜನ ಬೇಲಿಗೆ ಆತುಕೊಂಡು ನಿಂತಿದ್ದರು. ಅವರಲ್ಲಿ ಹೆಚ್ಚಿನವರು ಸವಾರರ ಅಪ್ಪ ಅಮ್ಮಂದಿರು. ಸವಾರರಲ್ಲಿ ಮೇಡಂ ಬಿಟ್ಟರೆ ಉಳಿದವರೆಲ್ಲ ಹಲ್ಲಿಗೆ ತಂತಿ ಹಾಕಿಸಿಕೊಂಡ ವಯಸ್ಸಿನವರು. ಸಿ ಫಲಕದ ಹಿಂದೆ ತೀರ್ಪುಗಾರ್ತಿ ತಮ್ಮ ಕಾರಿನೊಳಗೇ ಕೂತಿದ್ದರು. ಗಂಟೆಯ ಬದಲು ಹಾರ್ನ್ ಹೊಡೆಯುತ್ತಿದ್ದರು. ಮೇಡಂ ಸರದಿಗೆ ಹಾರ್ನ್ ಆದಾಗ ಅವರು ಅಭ್ಯಾಸಬಲದಿಂದ ಹಿಂದಿನ ಗಾಡಿ ಎಷ್ಟು ದೂರದಲ್ಲಿದೆ ಎಂದು ನೋಡಲು ಕನ್ನಡಿ ಹುಡುಕಿದರು.

ಬಿ ಪಕ್ಕದಲ್ಲಿ ಯಜಮಾನರು ಇಸ್ತ್ರಿ ಮಾಡಿದ ಕೋಟು ಹಾಕಿ ನಿಂತಿದ್ದರು. “ಎ. ಟ್ರಾಟ್‌ನಲ್ಲಿ ಪ್ರವೇಶ.” ಮಾತಾಡುತ್ತಿದ್ದ ಅಪ್ಪ ಅಮ್ಮಂದಿರು ಮಾತು ನಿಲ್ಲಿಸಿ ತಿರುಗಿ ನೋಡಿದರು. ಬೀಗರು ಮದುವೆ ಮಂಟಪಕ್ಕೆ ಬರುವವರ ಗತ್ತಿನಲ್ಲಿ ಒಳಗೆ ಬಂದರು, ನಡುವೆ ನಿಂತರು, ಹೊರಟರು. ಸಿಯಲ್ಲಿ ಎಡಕ್ಕೆ. ಇಯಲ್ಲಿ ವೃತ್ತ. ವೃತ್ತ ಸ್ವಲ್ಪ ಮೊಟ್ಟೆಯಾಯಿತು, ಆದರೂ ಒಡೆಯಲಿಲ್ಲ. ಒಂದು ಸುತ್ತು ಬಂದು ಹೆಚ್‌ನಿಂದ ಎಫ್‌ಗೆ ಓರೆಯಾಗಿ ನಡಿಗೆಯಲ್ಲಿ ದಾಟಬೇಕು. ದಾಟಿದರು. ಎಫ್‌ನಲ್ಲಿ ಮತ್ತೆ ಟ್ರಾಟ್.

‘ಎಫ್. ಟ್ರಾಟ್’ ಎನ್ನುವ ಮಾತು ಬರಲಿಲ್ಲ.

ಬೀಗರ ಕಿವಿ ಆ ಕಡೆ ಹೋಯಿತು, ಈ ಕಡೆ ಬಂತು. ಮಾತು ನಿಂತಿದೆ. ಅಂದರೆ ಪಾಠ ಮುಗಿದಿದೆ. ಅವರು ಎಫ್ ಫಲಕದ ಮುಂದೆ ನಿಂತು, ನಿಧಾನವಾಗಿ ಬಾಲ ಎತ್ತಿ, ಸಾವಕಾಶವಾಗಿ ಲದ್ದಿ ಹಾಕಿದರು.

ಮೇಡಂ ಗಂಡನ ಕಡೆ ನೋಡಿದರು. ಯಜಮಾನರು ಕಾಗದ ಹಿಡಿದು ತುಟಿ ಬಿಗಿದುಕೊಂಡು ನಿಂತಿದ್ದರು. ಊಟದ ಮೇಜಿನಲ್ಲಿ ಇಷ್ಟು ತಿಂಗಳು ನೋಡಿದ್ದ ಅದೇ ಮುಖ. ಇಷ್ಟು ಜನರ ಮುಂದೆ ದನಿ ಕೈಕೊಟ್ಟಿತು ಎಂದು ಮೇಡಂ ಅಂದುಕೊಂಡರು. ಲಗಾಮು ಸಡಿಲಿಸಿ ಕಾಲು ತಾಗಿಸಿದರೆ ಬೀಗರು ಹೊರಡುತ್ತಾರೆ, ಅದು ಅವರಿಗೆ ಗೊತ್ತಿತ್ತು. ಮುಂದಿನ ಪಾಠವೆಲ್ಲ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಈಗ ಹೊರಟುಬಿಟ್ಟರೆ, ಅವಳಿಗೆ ನಾನು ಬೇಕಾಗಿಯೇ ಇರಲಿಲ್ಲ ಎಂದು ಗಂಡನಿಗೆ ಗೊತ್ತಾಗುತ್ತದೆ. ಒಂದು ಯಂತ್ರ ಆ ಮಾತು ಹೇಳಿದ್ದು ಸಾಲದೆ? ಹೆಂಡತಿ ಬೇರೆ ಹೇಳಬೇಕೆ? ಮೇಡಂ ಕೈಕಾಲು ಆಡಿಸದೆ ಕೂತರು.

ಹಾರ್ನ್ ಆಯಿತು. ಯಾರೂ ಅಲುಗಲಿಲ್ಲ. ಕೊನೆಗೆ ತೀರ್ಪುಗಾರ್ತಿ ಕಾರಿನಿಂದ ಇಳಿದು, ಮರಳಿನಲ್ಲಿ ಶೂ ಹೂತುಕೊಳ್ಳುತ್ತ ಅಂಗಳ ದಾಟಿ ಬಂದರು.

“ಏನಾಯ್ತು? ದಾರಿ ಮರೆತ್ರಾ?”

“ಪೂರ್ತಿ ಮರೆತೆ” ಎಂದರು ಮೇಡಂ, ಬಿ ಫಲಕಕ್ಕೂ ಕೇಳುವಷ್ಟು ಗಟ್ಟಿಯಾಗಿ. “ಒಂದಕ್ಷರವೂ ನೆನಪಿಲ್ಲ. ಅವರು ಹೇಳಿದ್ರೇನೇ ನಾನು ಹೋಗೋದು.”

“ತಪ್ಪಿಗೆ ಎರಡು ಅಂಕ ಹೋಗುತ್ತೆ. ನಿಂತಿದ್ದಕ್ಕೆ ಬೇರೆ ಹೋಗುತ್ತೆ.”

“ಹೋಗ್ಲಿ ಬಿಡಿ.”

ಹಲ್ಲಿಗೆ ತಂತಿ ಹಾಕಿಸಿಕೊಂಡವರೆಲ್ಲ ಕಿಸಕ್ಕೆಂದರು. ತಾವು ಕಲಿಸಿದ ನಾಲ್ಕಾರು ಮುಖಗಳೂ ಬೇಲಿಯ ಹತ್ತಿರ ಇರುವುದನ್ನು ಮೇಡಂ ಗಮನಿಸಿದರು. ರಸ್ತೆ ನೆನಪಿಲ್ಲದವರನ್ನು ಅವರು ಯಾವ ಮಾತುಗಳಲ್ಲಿ ಬೈಯುತ್ತಿದ್ದರು ಎನ್ನುವುದು ಆ ಮುಖಗಳಿಗೆಲ್ಲ ಗೊತ್ತಿತ್ತು. ಕಿವಿ ಬಿಸಿಯಾದರೂ ಮೇಡಂ ಗಂಡನ ಮೇಲಿಂದ ಕಣ್ಣು ತೆಗೆಯಲಿಲ್ಲ.

ಯಜಮಾನರು ಹೆಂಡತಿಯನ್ನೇ ನೋಡುತ್ತ ನಿಂತಿದ್ದರು. ಆಮೇಲೆ ಕಾಗದವನ್ನು ಮಡಚಿ ಕೋಟಿನ ಜೇಬಿಗೆ ಹಾಕಿದರು. ಯಜಮಾನರು ಒಂದು ಹೆಜ್ಜೆ ಮುಂದೆ ಬಂದು ಗಂಟಲು ಸರಿಮಾಡಿಕೊಂಡರು.

“ದಯವಿಟ್ಟು ಗಮನಿಸಿ. ಎಫ್‌ನಲ್ಲಿ ನಿಂತಿರುವ ಬೀಗರು ಈಗ ಎ, ಕೆ, ಇ ಮಾರ್ಗವಾಗಿ ಹೊರಡಲಿದ್ದಾರೆ. ತಡವಾದದ್ದಕ್ಕೆ ವಿಷಾದಿಸುತ್ತೇವೆ. ಟ್ರಾಟ್.”

ಅಂಗಳದ ಸುತ್ತ ನಗೆಯೆದ್ದಿತು. ಬೀಗರಿಗೆ ಅದು ತಮಗೆ ಸಿಕ್ಕ ಮರ್ಯಾದೆ ಎಂದೇ ಅನಿಸಿರಬೇಕು, ಹರೆಯದಲ್ಲೂ ಹೋಗಿರದಂಥ ಟ್ರಾಟ್‌ನಲ್ಲಿ ಹೊರಟರು. ಮೇಡಂ ನಗುತ್ತಿದ್ದರು, ಕಣ್ಣಿಂದ ನೀರೂ ಹರಿಯುತ್ತಿತ್ತು, ಒರೆಸಲು ಕೈ ಖಾಲಿ ಇರಲಿಲ್ಲ. ಕಾಗದವಿಲ್ಲದೆಯೇ ಯಜಮಾನರು ಉಳಿದ ಪಾಠವನ್ನೆಲ್ಲ ಒಂದಕ್ಷರ ತಪ್ಪದೆ ಸಾರಿದರು. ಕೊನೆಯ ‘ಹಾಲ್ಟ್’ಗೆ ಬೀಗರು ನಿಂತ ರೀತಿಗೆ ಬೇಲಿಯ ಹತ್ತಿರ ಯಾರೋ ಚಪ್ಪಾಳೆ ತಟ್ಟಿದರು.

ಮೇಡಂಗೆ ಬಂದದ್ದು ಕೊನೆಯಿಂದ ಎರಡನೆಯ ಸ್ಥಾನ. ಅದೂ ಒಬ್ಬ ಹುಡುಗಿಯ ಕುದುರೆ ಬೇಲಿ ಹಾರಿ ಹುಲ್ಲು ಮೇಯಲು ಹೋದ ಕೃಪೆಯಿಂದ. ತೀರ್ಪುಗಾರ್ತಿ ಅಂಕಗಳ ಕೆಳಗೆ ಹೀಗೆ ಬರೆದಿದ್ದರು: ‘ಕುದುರೆ ಬಹಳ ವಿಧೇಯ. ಯಾರಿಗೆ ಎನ್ನುವುದು ಸ್ಪಷ್ಟವಿಲ್ಲ.’

ಹೊರಡುವಾಗ ಮೇಡಂ ತೊಡೆಗಳು ಕಲ್ಲಾಗಿದ್ದವು. ಕ್ಲಚ್ ಒತ್ತುವ ಸ್ಥಿತಿಯಲ್ಲಿ ಅವರಿರಲಿಲ್ಲ. ಕೀಲಿಯನ್ನು ಗಂಡನ ಕೈಗಿಟ್ಟು, ಎಷ್ಟೋ ವರ್ಷಗಳ ಮೇಲೆ ಅವರ ಪಕ್ಕದಲ್ಲಿ ಕೂತರು.

ಸ್ವಲ್ಪ ದೂರ ಹೋದ ಮೇಲೆ ಯಜಮಾನರು, “ಅಷ್ಟು ಜನರ ಮುಂದೆ ಸುಳ್ಳು ಹೇಳಿದೆಯಲ್ಲೇ” ಎಂದರು.

“ಯಾವ ಸುಳ್ಳು?”

“ಒಂದಕ್ಷರವೂ ನೆನಪಿಲ್ಲ ಅಂತ. ಅವತ್ತು ಕೆಲಸ ಮುಗಿಸಿ ಬೇಗ ಬಂದಿದ್ನಲ್ಲ, ಬೇಲಿ ಹತ್ರ ನಿಂತು ಎಲ್ಲಾ ನೋಡಿದೆ. ಒಬ್ಬಳೇ, ಬಾಯಿಂದ ಒಂದು ಮಾತಿಲ್ದೆ ಪೂರ್ತಿ ಮಾಡಿದೆ. ಎಷ್ಟು ಚೆನ್ನಾಗಿತ್ತು ಗೊತ್ತಾ? ಆಮೇಲೆ ಗೇಟಿಗೆ ವಾಪಸ್ ಹೋಗಿ ಕೆಮ್ಮಿ ಬಂದೆ.”

ಮೇಡಂ ಪೂರ್ತಿ ಗಂಡನ ಕಡೆ ತಿರುಗಿದರು. “ಗೊತ್ತಿದ್ದೂ ಓದ್ತಾ ಇದ್ರಾ?” ಎಂದರು.

“ಓದೋಕೆ ಇಷ್ಟ ಆಗ್ತಿತ್ತು. ಹೇಳಿಬಿಟ್ರೆ ನೀನು ಓದಿಸೋದು ನಿಲ್ಲಿಸ್ತೀಯ ಅಂತ ಹೆದರಿಕೆ.”

“ಮತ್ತೆ ಇವತ್ತು ಯಾಕ್ರೀ ಬಾಯಿ ಮುಚ್ಚಿಕೊಂಡ್ರಿ? ನನ್ನ ಜೀವ ಹೋಗಿತ್ತು.”

ಯಜಮಾನರು ಗೇರು ಬದಲಿಸಿದರು. “ಪಕ್ಕದಲ್ಲಿ ಇಬ್ಬರು ನಗ್ತಾ ಇದ್ರು. ಕುದುರೆ ಗಂಡನ ಮಾತು ಕೇಳ್ತಿದೆ, ಹೆಂಡತಿ ಸುಮ್ನೆ ಕೂತಿದ್ದಾಳೆ ಅಂತ. ನನಗೆ ಸಿಟ್ಟು ಬಂತು. ನಾನು ಸುಮ್ಮನಾದ್ರೆ ನೀನು ಅವತ್ತಿನ ಹಾಗೆ ಒಬ್ಬಳೇ ಓಡಿಸ್ತೀಯ, ಎಲ್ಲರೂ ನೋಡ್ತಾರೆ ಅಂದ್ಕೊಂಡೆ. ನೀನು ನೋಡಿದ್ರೆ ನಿಂತೇ ಬಿಟ್ಟೆ.”

“ನೀವು ಮಾತಾಡ್ಲಿ ಅಂತ ನಿಂತೆ.”

“ನೀನು ಹೋಗ್ಲಿ ಅಂತ ಸುಮ್ಮನಾದೆ.”

“ನಡುವೆ ಬೀಗರು ಲದ್ದಿ ಹಾಕಿದ್ರು” ಎಂದರು ಮೇಡಂ. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಗುವಾಗ ಮೇಡಂ ತೊಡೆಯ ನೋವಿಗೆ ಅಯ್ಯಯ್ಯೋ ಎನ್ನುತ್ತ ಮತ್ತೆ ನಕ್ಕರು.

ನಗು ನಿಂತ ಮೇಲೆ ಅವರು ಕೆಳಗೆ ನೋಡಿಕೊಂಡರು. ಎರಡು ಕಾಲುಗಳೂ ಸೀಟಿನ ಮೇಲಿದ್ದವು. ಅವರ ಬ್ರೇಕು ಕೆಳಗೆ ಒಂಟಿಯಾಗಿತ್ತು. ಎರಡು ವೃತ್ತ, ಒಂದು ಲೆವೆಲ್ ಕ್ರಾಸಿಂಗು, ಅಡ್ಡ ಬಂದ ಒಂದು ಹಾಲಿನ ಲಾರಿ ದಾಟಿ ಬಂದಿದ್ದರೂ ಕಾರು ಒಮ್ಮೆಯೂ ಮುಗ್ಗರಿಸಿರಲಿಲ್ಲ. ಕೈ ಬಿಡಿ ಮೇಡಂ ಎನ್ನುತ್ತಿದ್ದ ಟೀಚರ್ ನೆನಪಾದಳು. ನಾಳೆ ಅವಳನ್ನು ಕಾಲು ಮೇಲಿಟ್ಟುಕೊಂಡೇ ಕರೆದೊಯ್ಯಬೇಕು, ಗೋಡೆ ಹೋದರೆ ಹೋಗಲಿ ಎಂದುಕೊಂಡರು.

ತಮ್ಮ ಬೀದಿಯ ತಿರುವು ಬಂತು. ಹೊತ್ತು ಮುಳುಗಿ ಬಹಳ ಹೊತ್ತಾಗಿತ್ತು, ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ಯಜಮಾನರು ಬೆನ್ನು ನೆಟ್ಟಗೆ ಮಾಡಿ ಕೂತರು.

“ಪ್ರಯಾಣಿಕರ ಗಮನಕ್ಕೆ. ಮುಂದಿನ ನಿಲ್ದಾಣ ನಮ್ಮ ಮನೆ. ಗಾಡಿ ಸರಿಯಾದ ಸಮಯಕ್ಕೆ ಬರುತ್ತಿದೆ.”

ಗಾಡಿ ತಡವಾಗಿತ್ತು, ಅದು ಮೇಡಂಗೆ ಚೆನ್ನಾಗಿ ಗೊತ್ತಿತ್ತು. ಆದರೆ ಅವರು ತಿದ್ದಲು ಹೋಗಲಿಲ್ಲ.